ಶಾಲೆಯ ಮಾಡಿನಿಂದ ಹೊಳೆಯ ದಡಕ್ಕೆ

‘ಕೋಶ ಓದು, ದೇಶ ಸುತ್ತು’ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ನಮ್ಮ ಶಾಲೆಗಳು ಈ ಮಾತನ್ನು ತಕ್ಕಮಟ್ಟಿಗೆ ಪಾಲಿಸುತ್ತಿವೆ ಎಂದೇ ಹೇಳಬೇಕು. ವರ್ಷವಿಡೀ ಕೋಶದ ಓದು. ಡಿಸೆಂಬರ್ ತಿಂಗಳು ಬಂತೆಂದರೆ ಬಸ್ಸು ಮಾಡಿಕೊಂಡು ಹಂಪೆ, ಬಾದಾಮಿ, ಮೈಸೂರುಗಳ ಪ್ರವಾಸ. ಇವೆರಡರ ನಡುವೆ ಒಂದು ಜಾಗ ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಅದು ಮಗು ದಿನವೂ ನಡೆದು ಬರುವ ದಾರಿ. ಕುಳಿತು ಓದುವ ಕೋಣೆ. ಆ ಕೋಣೆಯ ಮೇಲಿನ ಮಾಡು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ವೈದ್ಯಕ್ಕೆ ಮಾತ್ರವಲ್ಲ, ವಿದ್ಯೆಗೂ ಸಲ್ಲುತ್ತದೆ.

ಕಳೆದ ವರ್ಷ ಅಳದಂಗಡಿಯ ಹತ್ತಿರದ ಒಂದು ಸರಕಾರಿ ಶಾಲೆಯ ಮಕ್ಕಳೊಡನೆ ಕೆಲವು ಶನಿವಾರಗಳನ್ನು ಕಳೆಯುವ ಅವಕಾಶ ನನಗೆ ದೊರೆಯಿತು. ಊರಿನ ಕೈಗಾರಿಕೆಯ ಇತಿಹಾಸವನ್ನೂ ಊರಿನ ಪ್ರಕೃತಿಯನ್ನೂ ಬಯಲಿನಲ್ಲೇ ನಿಂತು ಕಲಿಸುವುದು ಹೇಗೆ ಎಂಬುದನ್ನು ಆ ಮಕ್ಕಳಿಂದಲೇ ನಾನು ಕಲಿತೆನು. ಅದನ್ನು ಸಹಪಾಠಿಗಳ ಮುಂದೆಯೂ ಪೂಜ್ಯ ಅಧ್ಯಾಪಕರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ. ನಮ್ಮಲ್ಲಿ ಅನೇಕರು ಮುಂದೆ ಶಿಕ್ಷಕರಾಗುವವರು. ಅವರಿಗೆ ಇದರಿಂದ ಎಳ್ಳಷ್ಟು ಪ್ರಯೋಜನವಾದರೂ ನನ್ನ ಶ್ರಮ ಸಾರ್ಥಕ.

ಅಳದಂಗಡಿಯನ್ನು ಅರಿಯದವರಿಗಾಗಿ ಒಂದೆರಡು ಮಾತು. ಇದು ಬೆಳ್ತಂಗಡಿ ತಾಲೂಕಿನ ಚಿಕ್ಕ ಪೇಟೆ. ಗುರುವಾಯನಕೆರೆಯಿಂದ ನಾರಾವಿಯ ಮೂಲಕ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿದೆ. ವೇಣೂರನ್ನು ಆಳಿದ ಅಜಿಲ ಅರಸರ ಅರಮನೆ ಇಲ್ಲಿದೆ. 1604ರಲ್ಲಿ ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲನು ಇದೇ ವಂಶದವನು. ಸುತ್ತಲೂ ಅಡಿಕೆಯ ತೋಟ, ಗದ್ದೆ, ಗುಡ್ಡೆ. ಬಾನು ತಿಳಿಯಾಗಿದ್ದರೆ ಪೂರ್ವಕ್ಕೆ ಕುದುರೆಮುಖದ ಬೆಟ್ಟಸಾಲು. ಇಂಥ ಊರಿನಲ್ಲಿ ‘ಕೈಗಾರಿಕೆಯ ಇತಿಹಾಸ’ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ನಾನೂ ಮೊದಲು ಹಾಗೆಯೇ ಕೇಳಿಕೊಂಡಿದ್ದೆನು.

ಚೌತಿ ಕಳೆದ ಮೇಲಿನ ಮೊದಲ ಶನಿವಾರ ಆರು ಮತ್ತು ಏಳನೆಯ ತರಗತಿಯ ಹತ್ತೊಂಬತ್ತು ಮಕ್ಕಳು ಮಧ್ಯಾಹ್ನದ ಊಟ ಮುಗಿಸಿ ನನ್ನ ಮುಂದೆ ಕುಳಿತರು. ನಾನು ಬಹಳ ಸಿದ್ಧತೆ ಮಾಡಿಕೊಂಡು ಹೋಗಿದ್ದೆನು. ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯಿಂದ ಆರಂಭಿಸಿ, ಉಗಿಯಂತ್ರವನ್ನು ವರ್ಣಿಸಿ, ಜಮ್ಷೆಡ್‌ಪುರದ ಉಕ್ಕಿನ ಕಾರ್ಖಾನೆಗೆ ಬರುವಷ್ಟರಲ್ಲಿ ಅರ್ಧದಷ್ಟು ಮಕ್ಕಳು ಮೇಲೆ ನೋಡುತ್ತಿದ್ದರು. ನನಗೆ ಬೇಸರವಾಯಿತು. “ಅಲ್ಲಿ ಏನಿದೆ?” ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆನು.

“ಅಣ್ಣ, ಒಂದು ಹಂಚು ಜಾರಿದೆ. ನಿನ್ನೆ ಮಂಗ ಬಂದಿತ್ತು” ಎಂದಳು ಒಬ್ಬ ಹುಡುಗಿ.

ಆ ಹಂಚು ಎಲ್ಲಿಂದ ಬಂತು ಎಂದು ನಾನು ಕೇಳಿದೆನು. ಯಾರೂ ಹೇಳಲಿಲ್ಲ. ಉಕ್ಕು ಎಲ್ಲಿಂದ ಬರುತ್ತದೆ ಎಂಬುದನ್ನು ಅವರು ಪುಸ್ತಕದಲ್ಲಿ ಓದಿ ಬಲ್ಲರು. ಏಳು ವರ್ಷಗಳಿಂದ ತಮ್ಮನ್ನು ಮಳೆಯಿಂದ ಕಾಯುತ್ತಿರುವ ಹಂಚು ಎಲ್ಲಿಂದ ಬಂತೆಂದು ತಿಳಿಯದು. ಆ ಕ್ಷಣದಲ್ಲಿ ನಾಚಿಕೆಯಾದುದು ಅವರಿಗಲ್ಲ, ನನಗೆ. ನನ್ನ ಪಾಠ ತಲೆಯ ಮೇಲೆಯೇ ಇರುವಾಗ ನಾನು ಸಮುದ್ರ ದಾಟಿ ಹುಡುಕುತ್ತಿದ್ದೆನು.

ಎರಡನೆಯ ಶನಿವಾರ ಪಾಠ ಮಾಡಿನಿಂದಲೇ ಆರಂಭವಾಯಿತು. ಶಾಲೆಯ ಹಿಂದೆ ರಾಶಿ ಹಾಕಿದ್ದ ಹಳೆಯ ಹಂಚುಗಳನ್ನು ಮಕ್ಕಳು ಎತ್ತಿ ತಂದು, ತೊಳೆದು, ಜಗಲಿಯಲ್ಲಿ ಸಾಲಾಗಿ ಇಟ್ಟರು. ಅಡಿಭಾಗವನ್ನು ತಿರುಗಿಸಿ ನೋಡಿದರೆ ಒಂದೊಂದರಲ್ಲೂ ಒಂದೊಂದು ಮುದ್ರೆ: ಕಾರ್ಖಾನೆಯ ಹೆಸರು, ಮಂಗಳೂರು ಎಂಬ ಊರಿನ ಹೆಸರು, ಕೆಲವದರಲ್ಲಿ ಒಂದು ಚಿತ್ರ. ಒಂದು ಹಂಚಿನಲ್ಲಿ ಬಾಸೆಲ್ ಮಿಶನ್ ಎಂಬ ಹೆಸರೂ 1865 ಎಂಬ ಇಸವಿಯೂ ಇದ್ದವು.

“ಅಬ್ಬಾ, ಇದು 1865ರ ಹಂಚು!” ಎಂದು ಎಲ್ಲರೂ ಕೂಗಿದರು. ಆದರೆ ಒಬ್ಬ ಹುಡುಗ ಒಪ್ಪಲಿಲ್ಲ. “ನಮ್ಮ ಮನೆಯ ಬೆಂಕಿಪೆಟ್ಟಿಗೆಯಲ್ಲೂ, ಊದುಬತ್ತಿಯಲ್ಲೂ ಹಳೆಯ ಇಸವಿ ಇರುತ್ತದೆ. ಅದು ಕಂಪೆನಿ ಶುರುವಾದ ವರ್ಷ ಅಲ್ಲವೇ?” ಎಂದನು. ಅವನು ಹೇಳಿದುದೇ ಸರಿ. 1865 ಎಂಬುದು ಆ ಕಾರ್ಖಾನೆ ಸ್ಥಾಪನೆಯಾದ ವರ್ಷ. ಹಂಚು ಅದಕ್ಕಿಂತ ಎಷ್ಟೋ ತರುವಾಯದ್ದಾಗಿರಬಹುದು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಶಾಸನಗಳನ್ನು ಓದುವಾಗ ಅನುಸರಿಸುವ ಎಚ್ಚರ ಇದೇ ಅಲ್ಲವೇ? ಬರೆದುದನ್ನು ಓದುವುದು ಒಂದು, ಅದು ಯಾವುದರ ಕಾಲವನ್ನು ಹೇಳುತ್ತದೆ ಎಂದು ತಿಳಿಯುವುದು ಇನ್ನೊಂದು. ನಾನು ಕಾಲೇಜಿನಲ್ಲಿ ಕಲಿತುದನ್ನು ಏಳನೆಯ ತರಗತಿಯ ಹುಡುಗನು ಒಂದು ಹಂಚಿನ ಮೇಲೆ ಸಾಧಿಸಿ ತೋರಿಸಿದನು.

ಅನಂತರ ಲೆಕ್ಕದ ಪಾಠ. ತರಗತಿಯ ಮಾಡಿನಲ್ಲಿ ಅಡ್ಡಕ್ಕೆ 40 ಹಂಚು. ಮೇಲಿನಿಂದ ಕೆಳಕ್ಕೆ 19 ಸಾಲು. ಇಂಥ ಇಳಿಜಾರು ಎರಡು. ಒಟ್ಟು 1,520 ಹಂಚುಗಳಾದವು. ಒಂದು ಹಂಚನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತಂದರು: ಎರಡೂವರೆ ಕಿಲೋ. ಹಾಗಾದರೆ ನಮ್ಮ ತಲೆಯ ಮೇಲಿರುವ ಭಾರ 3,800 ಕಿಲೋಗ್ರಾಮು! ಎಲ್ಲರೂ ಒಮ್ಮೆ ಮೇಲೆ ನೋಡಿ ಬಾಗಿಲ ಕಡೆಗೆ ಸರಿದರು. ಅಷ್ಟೂ ಭಾರವನ್ನು ತೊಲೆ, ಪಕ್ಕಾಸು, ರೀಪುಗಳು ಹೇಗೆ ಗೋಡೆಗೆ ಇಳಿಸುತ್ತವೆ ಎಂಬುದನ್ನು ತಿಳಿಸಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಮಾಡಿನ ನಡುವೆ ಒಂದು ಗಾಜಿನ ಹಂಚಿತ್ತು. ಅದರಿಂದ ಬೀಳುವ ಬಿಸಿಲ ಚೌಕಕ್ಕೆ ಅರ್ಧ ಗಂಟೆಗೊಮ್ಮೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಸೂರ್ಯನು ಪಶ್ಚಿಮಕ್ಕೆ ಹೋದಂತೆ ಚೌಕವು ಪೂರ್ವಕ್ಕೆ ನಡೆಯುವುದನ್ನು ಕಂಡು ಅವರಿಗಾದ ಸಂತೋಷವನ್ನು ಯಾವ ಪ್ರಯೋಗಶಾಲೆಯೂ ಕೊಡಲಾರದು.

ಈಗ ಹಂಚಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಹಿಂದೆ ಸಾಮಾನ್ಯರ ಮನೆಗಳೆಲ್ಲ ಮುಳಿಹುಲ್ಲಿನವು. ಗುಡ್ಡೆಯ ಹುಲ್ಲನ್ನು ಕೊಯ್ದು ಪ್ರತಿವರ್ಷವೂ ಹೊದೆಸಬೇಕು. ಬೇಸಗೆಯಲ್ಲಿ ಬೆಂಕಿಯ ಭಯ ಬೇರೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದುದು 1834ರಲ್ಲಿ. ಮತಾಂತರ ಹೊಂದಿ ಕುಲಕಸುಬನ್ನು ಕಳೆದುಕೊಂಡವರಿಗೆ ಉದ್ಯೋಗ ಬೇಕಾಗಿತ್ತು. ಇದಕ್ಕಾಗಿ ಅವರು 1841ರಲ್ಲಿ ಅಚ್ಚುಕೂಟ, 1851ರಲ್ಲಿ ನೇಯ್ಗೆ ಮುಂತಾದ ಉದ್ಯಮಗಳನ್ನು ಒಂದೊಂದಾಗಿ ಆರಂಭಿಸಿದರು. ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ಇಲ್ಲಿನ ಹೊಳೆಗಳ ದಡದ ಜೇಡಿಮಣ್ಣನ್ನು ಪರೀಕ್ಷಿಸಿದರು. ಅವರ ಯತ್ನದಿಂದ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ಬದಿಗೆ ಹಂಚಿನ ಕಾರ್ಖಾನೆ ನೆಲೆಗೊಂಡಿತು. 1868ರಲ್ಲಿ ಆಲ್ಬುಕರ್ಕ್ ಮನೆತನದವರು ಕಾರ್ಖಾನೆ ತೆರೆದರು. ಹೀಗೆ ನಮ್ಮ ನಾಡಿನವರೂ ಈ ಉದ್ಯಮಕ್ಕೆ ಇಳಿದರು.

ಒಂದು ಹಂಚಿನ ತುಟಿ ಇನ್ನೊಂದರ ತೋಡಿಗೆ ಕೂಡಿ ಬಿಗಿಯಾಗುವ ಈ ಜೋಡಣೆಯ ಕ್ರಮ ಮೂಲತಃ ಯೂರೋಪಿನದು. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿ ಇಂಥ ಹಂಚಿಗೆ ಪೇಟೆಂಟು ಪಡೆದಿದ್ದರು. ಅಲ್ಲಿನ ಯುಕ್ತಿ, ಇಲ್ಲಿನ ಮಣ್ಣು, ಇಲ್ಲಿನ ಮಳೆ ಇವು ಮೂರೂ ಕೂಡಿ ‘ಮಂಗಳೂರು ಹಂಚು’ ಹುಟ್ಟಿತು. ಹಡಗೇರಿ ಸಿಂಹಳ, ಬರ್ಮಾ, ಪೂರ್ವ ಆಫ್ರಿಕಗಳಿಗೂ ಹೋಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಮಿಶನ್ನಿನ ಉದ್ಯಮಗಳು ಬ್ರಿಟಿಷ್ ಸರಕಾರದ ವಶವಾಗಿ, ತರುವಾಯ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಮುಂದೆ ಕಾಂಕ್ರೀಟು, ತಗಡುಗಳು ಬಂದವು. ಮಣ್ಣೂ ಸೌದೆಯೂ ದುರ್ಲಭವಾದವು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು.

ಇಷ್ಟನ್ನು ನಾನು ಹೇಳಿ ಮುಗಿಸಿದಾಗ, ಮಂಗನನ್ನು ಕಂಡ ಅದೇ ಹುಡುಗಿ, “ಅಣ್ಣ, ಕಾರ್ಖಾನೆಯಲ್ಲಿ ಹೆಂಗಸರೂ ಇದ್ದರಾ?” ಎಂದು ಕೇಳಿದಳು. ಇದ್ದರು ಎಂದಷ್ಟೇ ಹೇಳಬಲ್ಲವನಾದೆನು. ಆ ರಾತ್ರಿ ಮನೆಯಲ್ಲಿ ಈ ಮಾತು ಎತ್ತಿದಾಗ ಅಮ್ಮ ಸಹಜವಾಗಿ, “ನಿನ್ನ ಅಜ್ಜಿಯೇ ಹೋಗುತ್ತಿದ್ದರಲ್ಲ! ಮದುವೆಗೆ ಮುಂಚೆ ಹೊಳೆಯ ಬದಿಯ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುತ್ತಿದ್ದರು” ಎಂದರು. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹದಿನೇಳು ವರ್ಷ ಅವರ ಪಕ್ಕದಲ್ಲಿ ಊಟಮಾಡಿದ ನಾನು ಒಂದು ದಿನವಾದರೂ, ‘ಅಜ್ಜೀ, ಸಣ್ಣವರಿರುವಾಗ ಏನು ಮಾಡುತ್ತಿದ್ದಿರಿ?’ ಎಂದು ಕೇಳಲಿಲ್ಲ. ಹಂಚಿನ ಮುದ್ರೆಯಲ್ಲಿ ಕಾರ್ಖಾನೆಯ ಹೆಸರಿದೆ, ಹೊತ್ತವರ ಹೆಸರಿಲ್ಲ. ಅದು ಉಳಿಯುವುದು ಮನೆಯವರ ಬಾಯಲ್ಲಿ ಮಾತ್ರ. ಕೇಳದೆ ಹೋದರೆ ಅದೂ ಮುಗಿಯಿತು. ಮುಂದಿನ ವಾರದಿಂದ ನಾನು ಮಕ್ಕಳಿಗೆ ಕೊಟ್ಟ ಮನೆಗೆಲಸ ಒಂದೇ: ಮನೆಯ ಹಿರಿಯರು ಯಾವ ಯಾವ ಕೆಲಸ ಮಾಡಿದ್ದಾರೆಂದು ಕೇಳಿ ಬರೆದು ತರುವುದು.

ಮೂರನೆಯ ಶನಿವಾರ ಹಂಚಿನ ಮಣ್ಣನ್ನು ಹುಡುಕಿಕೊಂಡು ಹೊರಟೆವು. ನಮ್ಮ ಕಡೆಯ ಗದ್ದೆಗಳಲ್ಲಿ ಬೆಟ್ಟು, ಮಜಲು, ಬೈಲು ಎಂಬ ಮೂರು ಬಗೆಗಳಿರುವುದನ್ನು ಎಲ್ಲರೂ ಬಲ್ಲರು. ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು. ಮಕ್ಕಳು ಮೂರು ಕಡೆಯಿಂದಲೂ ಒಂದೊಂದು ಮುಷ್ಟಿ ಮಣ್ಣು ತೆಗೆದು, ನೀರು ಹಾಕಿ ಕಲಸಿ, ಅಂಗೈಯಲ್ಲಿ ಬತ್ತಿಯಂತೆ ಹೊಸೆದು ನೋಡಿದರು. ಬೆಟ್ಟಿನ ಮಣ್ಣು ಪುಡಿಯಾಯಿತು, ಮಜಲಿನದು ಬಿರುಕುಬಿಟ್ಟಿತು, ಬೈಲಿನ ಬೂದುಬಣ್ಣದ ಜೇಡಿ ಉಂಗುರದಂತೆ ಬಾಗಿತು. ಮಳೆಯ ನೀರು ಗುಡ್ಡೆಯ ಮಣ್ಣನ್ನು ಇಳಿಸುವಾಗ ಒರಟು ಕಣಗಳನ್ನು ಮೇಲೆಯೇ ಬಿಟ್ಟು, ಅತಿ ನಯವಾದುದನ್ನು ಕೆಳಗೆ ತಂದು ಹರಡುತ್ತದೆ. ಆದುದರಿಂದಲೇ ಹಂಚಿನ ಮಣ್ಣು ಹೊಳೆಯ ಬದಿಯ ತಗ್ಗಿನಲ್ಲಿ ಸಿಕ್ಕುವುದು.

ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆನು. ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ವೇಣೂರಿನ ಬದಿಯಲ್ಲಿ ಹರಿಯುವ ಫಲ್ಗುಣಿಗೆ. ಫಲ್ಗುಣಿಯೇ ಮುಂದೆ ಗುರುಪುರದ ಹೊಳೆಯೆನಿಸಿ ಮಂಗಳೂರಿನಲ್ಲಿ ಸಮುದ್ರವನ್ನು ಸೇರುತ್ತದೆ. ಹಂಚಿನ ಕಾರ್ಖಾನೆಗಳು ಮಣ್ಣು ತೆಗೆದುದು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಬಯಲುಗಳಿಂದ. ಎಂದರೆ ನಮ್ಮ ಗುಡ್ಡೆಯಿಂದ ಮಳೆಯಲ್ಲಿ ಜಾರಿಹೋದ ಮಣ್ಣೇ ಕೆಳಗೆ ನೆಲೆನಿಂತು, ಹಂಚಾಗಿ ಬೆಂದು, ಲಾರಿಯೇರಿ ಮತ್ತೆ ನಮ್ಮ ಶಾಲೆಯ ಮೇಲೆ ಬಂದು ಕುಳಿತಿರಬಹುದು! ಈ ಮಾತಿಗೆ ಮಕ್ಕಳು ಬಹಳ ಹೊತ್ತು ನಕ್ಕರು. ಆದರೆ ಮರೆಯಲಿಲ್ಲ.

ಬೈಲಿನ ಜೇಡಿಯಿಂದ ಅಂಗೈಯಗಲದ ಹಂಚುಗಳನ್ನು ತಟ್ಟಿ ಅವರವರೇ ಮನೆಗೆ ಒಯ್ದರು. ಒಂದು ವಾರ ಒಣಗಿಸಿ, ಬಚ್ಚಲ ಒಲೆಯ ಕೆಂಡದಲ್ಲಿ ಇಟ್ಟು ತರಬೇಕೆಂದು ಹೇಳಿದ್ದೆನು. ಮನೆಯ ಹಿರಿಯರು ಹತ್ತಿರವಿಲ್ಲದೆ ಒಲೆ ಮುಟ್ಟಬಾರದೆಂದೂ ಎಚ್ಚರಿಸಿದ್ದೆನು. ಬೂದುಬಣ್ಣದ ಮಣ್ಣು ಕೆಂಪಾಗಿ ಬಂತು. ಮಣ್ಣಿನಲ್ಲಿ ಅಡಗಿರುವ ಕಬ್ಬಿಣದ ಅಂಶವು ಬೆಂಕಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಂಪಾಗುವುದೇ ಇದಕ್ಕೆ ಕಾರಣ. ಬಿಸಿಲಿನಲ್ಲಿ ಅವಸರದಿಂದ ಒಣಗಿಸಿದವರ ಹಂಚು ಸೀಳಿತ್ತು. ನೆರಳಿನಲ್ಲಿ ನಿಧಾನವಾಗಿ ಒಣಗಿಸಿದವರದು ಉಳಿದಿತ್ತು. ಕಾರ್ಖಾನೆಗಳಲ್ಲಿ ಮಣ್ಣನ್ನು ಯಂತ್ರದಲ್ಲಿ ಹದಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಿನ ಚಪ್ಪರದಲ್ಲಿ ಹಲಗೆಗಳ ಮೇಲೆ ದಿನಗಟ್ಟಲೆ ಏಕೆ ಒಣಗಿಸುತ್ತಿದ್ದರೆಂಬುದನ್ನು ಇನ್ನು ನಾನು ಹೇಳಬೇಕಾಗಲಿಲ್ಲ. ತೋಡಿನ ಮರಳಿನಲ್ಲಿ ಹಳೆಯ ರೇಡಿಯೋವಿನ ಅಯಸ್ಕಾಂತವನ್ನು ಎಳೆದಾಡಿದಾಗ ಕಪ್ಪು ಹುಡಿ ಮೀಸೆಯಂತೆ ಅಂಟಿಕೊಂಡಿತು. ಬೆಟ್ಟದ ಕಲ್ಲಿನೊಳಗಿನ ಕಬ್ಬಿಣದ ಅದಿರು ನೀರಿನಲ್ಲಿ ನಮ್ಮ ಮನೆಯ ಬಾಗಿಲಿಗೇ ಬಂದಿತ್ತು.

ನಾಲ್ಕನೆಯ ಶನಿವಾರ ಪದವಿಗೆ ಹೋದೆವು. ಗುಡ್ಡೆಯ ತಲೆಯಲ್ಲಿ ಚಪ್ಪಟೆಯಾಗಿ ಹರಡಿರುವ ಮುರಕಲ್ಲಿನ ಬಯಲಿಗೆ ನಮ್ಮಲ್ಲಿ ಪದವು ಎನ್ನುತ್ತಾರೆ. ಈ ಕಲ್ಲಿಗೆ ಲೋಕದ ಭೂವಿಜ್ಞಾನದಲ್ಲಿ ಒಂದು ಗೌರವದ ಸ್ಥಾನವಿದೆ. ಟಿಪ್ಪುವಿನ ಪತನದ ತರುವಾಯ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಈ ಸೀಮೆಗಳನ್ನೆಲ್ಲ ಸುತ್ತಿ ನೋಡಿದನು. ಮಲಬಾರಿನ ಅಂಗಾಡಿಪುರದಲ್ಲಿ 1800ರ ಡಿಸೆಂಬರಿನಲ್ಲಿ ಈ ಕಲ್ಲನ್ನು ಗಮನಿಸಿದ ಅವನು, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು ಅದು. ನೆಲದೊಳಗಿದ್ದಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಕಡಿಯುತ್ತದೆ. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದೇ ಬುಕನನ್ನನು 1801ರಲ್ಲಿ ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮೂಲಕ ಹಾದುಹೋಗಿದ್ದಾನೆಂದು ಹೇಳಿದಾಗ ಮಕ್ಕಳು ಅವನು ನಿನ್ನೆ ಬಂದುಹೋದ ನೆಂಟನೋ ಎಂಬಂತೆ ರಸ್ತೆಯ ಕಡೆ ನೋಡಿದರು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಇಂಥ ಮಳೆಯು ಲಕ್ಷಾಂತರ ವರ್ಷ ಕಲ್ಲನ್ನು ತೊಳೆದು ಕರಗುವುದನ್ನೆಲ್ಲ ಒಯ್ಯಿತು. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶಗಳು ಉಳಿದು ಮುರಕಲ್ಲಾದವು. ಸಾರವೆಲ್ಲ ತೊಳೆದುಹೋದ ಇಂಥ ನೆಲದಲ್ಲಿ ಗಿಡಗಳು ಬದುಕುವುದು ಹೇಗೆ? ಉತ್ತರ ಕಾಲಬುಡದಲ್ಲೇ ಇತ್ತು. ಜಿನುಗುವ ನೀರಿನ ಅಂಚಿನಲ್ಲಿ ಬೆರಳುದ್ದದ ಡ್ರೊಸೆರಾ ಗಿಡಗಳು. ಅವುಗಳ ಎಲೆಯ ಕೂದಲುಗಳ ತುದಿಯಲ್ಲಿ ಇಬ್ಬನಿಯಂಥ ಅಂಟುಹನಿ. ಅದರಲ್ಲಿ ಸಿಕ್ಕಿಬಿದ್ದ ನುಸಿಗಳು. ಪಕ್ಕದಲ್ಲಿ ಯುಟ್ರಿಕ್ಯುಲೇರಿಯಾದ ನೀಲಿ ಹೂಗಳು. ಅದು ನೀರಿನಡಿಯ ಪುಟ್ಟ ಚೀಲಗಳಲ್ಲಿ ಜೀವಿಗಳನ್ನು ಹಿಡಿಯುತ್ತದೆ. ಮಣ್ಣಿನಲ್ಲಿ ಸಿಗದ ಸಾರಜನಕವನ್ನು ಈ ಗಿಡಗಳು ಕೀಟಗಳಿಂದ ಪಡೆಯುತ್ತವೆ. ಯಾವ ಮಳೆ ನಮಗೆ ಕಲ್ಲನ್ನು ಕೊಟ್ಟಿತೋ ಅದೇ ಮಳೆ ಈ ಗಿಡಗಳನ್ನು ಬೇಟೆಗಾರರನ್ನಾಗಿ ಮಾಡಿತು. ಕಲ್ಲಿನ ಪಾಠ, ಗಿಡದ ಪಾಠ ಎಂದು ಎರಡಿಲ್ಲ. ಇರುವುದು ಒಂದೇ ಪಾಠ.

ಪದವಿನ ಇನ್ನೊಂದು ಅಂಚು ಕೆಂಪುಕಲ್ಲಿನ ಕೋರೆ. ಮಳೆಗಾಲವಾದುದರಿಂದ ಕೆಲಸ ನಿಂತು ಹೊಂಡದಲ್ಲಿ ಆಳವಾದ ನೀರು ನಿಂತಿತ್ತು. ದೂರದಿಂದಲೇ ಅದನ್ನು ತೋರಿಸಿ ನಾನು ಸ್ವಲ್ಪ ಆವೇಶದಿಂದ, “ನೋಡಿದಿರಾ? ಕಲ್ಲು ಕಡಿಯುವವರು ಆಸೆಗಾಗಿ ಹೇಗೆ ಪ್ರಕೃತಿಯನ್ನು ಹಾಳುಮಾಡಿದ್ದಾರೆ! ಇಲ್ಲಿಯೂ ಆ ಹೂಗಳಿದ್ದವು” ಎಂದು ಭಾಷಣ ಮಾಡಿದೆನು. ಹೆಚ್ಚು ಮಾತನಾಡದ ಒಬ್ಬ ಹುಡುಗನು ನೆಲ ನೋಡುತ್ತಿದ್ದವನು ತಲೆಯೆತ್ತಿ ಕೇಳಿದನು: “ಅಣ್ಣ, ನಮ್ಮ ಅಪ್ಪ ಕೋರೆಗೆ ಹೋಗುವುದು. ಅವರು ಮಾಡುವುದು ಕೆಟ್ಟ ಕೆಲಸವಾ?”

ನನಗೆ ಉತ್ತರ ಹೊಳೆಯಲಿಲ್ಲ. ಅವನು ಹಿರಿಯರ ಕೆಲಸವನ್ನು ಬರೆದು ತರಬೇಕಾಗಿದ್ದ ದಿನ ಪುಸ್ತಕವನ್ನು ಖಾಲಿಯಾಗಿ ತಂದಿದ್ದುದು ಆಗ ನೆನಪಾಯಿತು. ನಾನು ಮೊದಲು ಅವನ ಮನೆಯ ಅನ್ನವನ್ನು ಕಾಣಬೇಕಾಗಿತ್ತು. ಹೊಂಡವನ್ನು ಮಾತ್ರ ಕಂಡಿದ್ದೆನು. ಆ ಸಂಜೆ ಅವನೊಡನೆಯೇ ಅವನ ಮನೆಗೆ ಹೋಗಿ ಅವನ ತಂದೆಯನ್ನು, ಮರುದಿನ ಬಂದು ಮಕ್ಕಳಿಗೆ ಕಲ್ಲಿನ ವಿಷಯ ತಿಳಿಸಬೇಕೆಂದು ಕೇಳಿಕೊಂಡೆನು. “ನಾನು ಶಾಲೆಯಲ್ಲಿ ಹೇಳುವುದಾ? ನೀವು ಒಳ್ಳೆಯವರು ಮಾರಾಯ್ರೆ!” ಎಂದು ಅವರು ನಕ್ಕರು. ಆದರೆ ಆದಿತ್ಯವಾರ ಬೆಳಿಗ್ಗೆ ಒಗೆದ ಅಂಗಿ ತೊಟ್ಟು ಬಂದರು.

ಅವರ ಒಂದು ಗಂಟೆಯ ಮಾತಿನ ಮುಂದೆ ನನ್ನ ನಾಲ್ಕು ವಾರದ ಪಾಠ ಸಪ್ಪೆಯಾಯಿತು. ಶಾಲೆಯ ಗೋಡೆಯ ಕಲ್ಲುಗಳನ್ನು ಬೆರಳಿನಿಂದ ತಟ್ಟಿ, ಯಾವುದು ಗಟ್ಟಿ, ಯಾವುದು ಮೆದು ಎಂಬುದನ್ನು ದನಿಯಿಂದಲೇ ಹೇಳಿದರು. ಮೇಲೆ ಕಪ್ಪಾದ ಗಡುಸು ಪದರ, ಅದರಡಿಯಲ್ಲಿ ಕಡಿಯಲು ಯೋಗ್ಯವಾದ ಕಲ್ಲು, ಇನ್ನೂ ಕೆಳಗೆ ಹೋದರೆ ಶೇಡಿಮಣ್ಣು ಎಂದು ನೆಲದಲ್ಲಿ ಕೋಲಿನಿಂದ ಬರೆದು ತೋರಿಸಿದರು. ಭೂವಿಜ್ಞಾನದ ಪುಸ್ತಕದಲ್ಲಿರುವ ಚಿತ್ರವೂ ಹಾಗೆಯೇ ಇದೆ! ಹಿಂದೆ ಕೊಡಲಿಯಂಥ ಹತಾರದಿಂದ ಕೈಯಲ್ಲೇ ಕಡಿಯುತ್ತಿದ್ದುದು, ಈಗ ಯಂತ್ರದ ಚಕ್ರ ಕೊಯ್ಯುವುದು, ಅದರ ಹುಡಿ ಎದೆಗೆ ಸೇರುವುದು ಎಲ್ಲವನ್ನೂ ಹೇಳಿದರು. ಒಬ್ಬಳು ಹೊಂಡದ ಮಾತು ತೆಗೆದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಲಿನ ಮಣ್ಣನ್ನು ಬೇರೆ ತೆಗೆದಿಟ್ಟು, ಕಲ್ಲು ಮುಗಿದ ಮೇಲೆ ಹೊಂಡಕ್ಕೆ ತುಂಬಿಸಿದರೆ ಗಿಡ ಬರುತ್ತದೆ ಮಕ್ಕಳೇ. ಆದರೆ ದಿನಗೂಲಿಯವನ ಮಾತಿನಲ್ಲಿ ಅದು ನಡೆಯುವುದಿಲ್ಲ. ಶಾಲೆಗೂ ಮನೆಗೂ ಕಲ್ಲು ಬೇಕು, ಹೊಂಡ ಮಾತ್ರ ಯಾರಿಗೂ ಬೇಡ” ಎಂದರು. ಅವರ ಮಗನು ಆ ದಿನ ಮೊದಲ ಸಾಲಿನಲ್ಲಿ ಕುಳಿತಿದ್ದನು. ಮರುವಾರ ಅವನ ಪುಸ್ತಕದಲ್ಲಿ ಎರಡು ಪುಟ ತುಂಬಿತ್ತು.

ಈ ಪ್ರಸಂಗದಿಂದ ನಾನು ಕಲಿತುದು ಇದು. ಪ್ರಕೃತಿಯನ್ನು ಕಲಿಸುವವರು ಕೈಗಾರಿಕೆಯನ್ನು ಖಳನನ್ನಾಗಿ ಮಾಡುತ್ತೇವೆ. ಕೈಗಾರಿಕೆಯ ಇತಿಹಾಸವನ್ನು ಕಲಿಸುವವರು ಅದರ ಬೆಲೆಯನ್ನು ಮರೆಯುತ್ತೇವೆ. ಎರಡೂ ಅರ್ಧಸತ್ಯ. ಹಂಚು ಮುಳಿಹುಲ್ಲಿನ ಮನೆಯನ್ನು ಬೆಂಕಿಯಿಂದ ಉಳಿಸಿತು; ಅದೇ ಹಂಚಿನ ಗೂಡುಗಳು ಕಾಡಿನ ಸೌದೆಯನ್ನು ತಿಂದವು, ಹೊಳೆಬದಿಯ ಗದ್ದೆಗಳನ್ನು ಹೊಂಡಮಾಡಿದವು. ನಮ್ಮ ಪೂರ್ವದ ಬೆಟ್ಟವನ್ನೇ ನೋಡಿ. ಕುದುರೆಮುಖದ ಅದಿರು ಕಂಪೆನಿ 1976ರಲ್ಲಿ ಸ್ಥಾಪನೆಯಾಯಿತು. ಅದಿರಿನ ಹುಡಿ ನೀರಿನೊಡನೆ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಬಂದರಿಗೆ ಹರಿಯಿತು. ಸಾವಿರಾರು ಸಂಸಾರಗಳಿಗೆ ಅನ್ನ ದೊರೆಯಿತು. ಕಾಡಿಗೂ ಭದ್ರೆಯ ನೀರಿಗೂ ಆದ ಹಾನಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2002ರ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಎರಡು ತಟ್ಟೆಗಳನ್ನೂ ತೂಗಿ ನೋಡುವ ಅಭ್ಯಾಸ ದೊಡ್ಡವರಾದ ಮೇಲೆ ಒಮ್ಮೆಗೇ ಬರುವುದಿಲ್ಲ. ಅದು ಊರಿನ ಕೋರೆಯ ಅಂಚಿನಲ್ಲಿ, ತನ್ನ ತಂದೆಯ ಕೆಲಸವನ್ನೂ ತನ್ನ ಕಾಲಬುಡದ ಹೂವನ್ನೂ ಒಟ್ಟಿಗೆ ಪ್ರೀತಿಸುವ ಮಗುವಿನಲ್ಲಿ ಮೊಳೆಯಬೇಕು.

ಇಂಥ ಶಿಕ್ಷಣ ಹೊಸತೇನೂ ಅಲ್ಲ. ಕೈಕಸುಬಿನ ಮೂಲಕವೇ ಎಲ್ಲ ವಿದ್ಯೆ ಬರಬೇಕೆಂದು ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ದೇಶದ ಮುಂದೆ ಇಟ್ಟರು. ಅದೇ ದಶಕದಲ್ಲಿ ನಮ್ಮ ಜಿಲ್ಲೆಯ ಪುತ್ತೂರಿನ ಬಾಲವನದಲ್ಲಿ ಡಾ. ಶಿವರಾಮ ಕಾರಂತರು ಮಕ್ಕಳ ಶಿಕ್ಷಣದಲ್ಲಿ ಪ್ರಯೋಗಗಳನ್ನು ನಡೆಸಿದರು. ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ರಚಿಸಿದರು. ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಸೂತ್ರ. 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಊರಿನ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂದು 2020ರ ಶಿಕ್ಷಣ ನೀತಿ ಹೇಳಿದೆ. ಮಾತುಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಹೊಸ್ತಿಲು ದಾಟುವ ಕಾಲುಗಳಿಗೆ.

ಹೊರಡಬೇಕೆಂದಿರುವ ಮಿತ್ರರಿಗೆ ನನ್ನ ಅಲ್ಪಾನುಭವದ ಕೆಲವು ಮಾತು. ಮೊದಲನೆಯದಾಗಿ, ನಡೆದು ಹೋಗಿ ಸಂಜೆಯೊಳಗೆ ಹಿಂದಿರುಗುವಷ್ಟು ದೂರ ಸಾಕು. ಎರಡನೆಯದಾಗಿ, ಒಂದು ದಿನಕ್ಕೆ ಒಂದೇ ವಸ್ತು: ಹಂಚಾದರೆ ಹಂಚು, ತೋಡಾದರೆ ತೋಡು. ಮೂರನೆಯದಾಗಿ, ನೀವು ಮುಂಚಿತವಾಗಿ ಹೋಗಿ ನೋಡಿಬರಬೇಕು. ನೀರು ತುಂಬಿದ ಕೋರೆ, ಸೊಕ್ಕಿದ ತೋಡು, ಹುಲ್ಲಿನೊಳಗಿನ ಹಾವು ಇವನ್ನು ಮರೆಯುವವನು ಮಕ್ಕಳನ್ನು ಕರೆದೊಯ್ಯಲು ಅನರ್ಹ. ಮುಖ್ಯೋಪಾಧ್ಯಾಯರ ಮತ್ತು ಮನೆಯವರ ಒಪ್ಪಿಗೆ ಬೇಕು, ಶಿಕ್ಷಕರೊಬ್ಬರು ಜೊತೆಗಿರಬೇಕು. ನಾಲ್ಕನೆಯದಾಗಿ, ಗಿಡ ಕೀಳದೆ ಚಿತ್ರ ಬರೆಯಿಸಿ. ಕೊನೆಯದಾಗಿ, ಊರಿನ ಕೆಲಸಗಾರರನ್ನು ಮಾತನಾಡಲು ಬಿಟ್ಟು ನೀವು ಮಕ್ಕಳ ಸಾಲಿನಲ್ಲಿ ಕುಳಿತುಕೊಳ್ಳಿ. ಇದು ಎಲ್ಲಕ್ಕಿಂತ ಕಷ್ಟ.

ಕಳೆದ ಬೇಸಗೆಯಲ್ಲಿ ಆ ಶಾಲೆಯ ಹಂಚಿನ ಮಾಡನ್ನು ಬಿಚ್ಚಿ ತಗಡು ಹೊದೆಸಿದರು. ಪಕ್ಕಾಸುಗಳಿಗೆ ಗೆದ್ದಲು ಹಿಡಿದಿತ್ತು; ಮಂಗಗಳ ಕಾಟವೂ ಇತ್ತು. ಅದನ್ನು ತಪ್ಪೆನ್ನಲಾರೆ. ಬಿಚ್ಚುವ ದಿನ ಮಕ್ಕಳು ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಬೇರೆ ಬೇರೆ ಮುದ್ರೆಯ ಏಳು ಹಂಚುಗಳನ್ನೂ, ಆ ಗಾಜಿನ ಹಂಚನ್ನೂ ತೆಗೆದಿಟ್ಟರು. ಈಗ ಅವು ಜಗಲಿಯ ಮೂಲೆಯ ಒಂದು ಬೆಂಚಿನ ಮೇಲಿವೆ. ಪ್ರತಿಯೊಂದರ ಮುಂದೆಯೂ ಒಂದು ಚೀಟಿ. ಮಕ್ಕಳ ಗ್ರಾಮಸಭೆಯಲ್ಲಿ ಇದೇ ಮಕ್ಕಳು ಎದ್ದುನಿಂತು ಕೋರೆಯ ಹೊಂಡದ ಸುತ್ತ ಬೇಲಿ ಬೇಕೆಂದು ಕೇಳಿದರಂತೆ. ಕೇಳಿದವನು ಕಲ್ಲು ಕಡಿಯುವವರ ಮಗ. ಈ ಲೇಖನ ಬರೆಯುವ ಹೊತ್ತಿಗೆ ಬೇಲಿ ಬಂದಿದೆ. ಹೊಂಡ ಇನ್ನೂ ಮುಚ್ಚಿಲ್ಲ.

ಆ ಬೆಂಚಿನ ಬಳಿ ನಿಂತಾಗ ನನಗೆ ಅಜ್ಜಿಯ ನೆನಪಾಗುತ್ತದೆ. ಆ ಏಳರಲ್ಲಿ ಯಾವುದನ್ನಾದರೂ ಹಸಿಯಾಗಿದ್ದಾಗ ಅವರು ಹೊತ್ತಿರಬಹುದೇ? ಇನ್ನು ಅದನ್ನು ಹೇಳುವವರಿಲ್ಲ. ಆದರೆ ಸಹಪಾಠಿಗಳೇ, ನಿಮ್ಮ ಮನೆಗಳಲ್ಲಿ ಹೇಳುವವರು ಇನ್ನೂ ಇದ್ದಾರೆ. ಇಂದು ಸಂಜೆ ಮನೆಗೆ ಹೋದಾಗ ಮೊದಲು ಅವರನ್ನು ಕೇಳಿರಿ. ಮುಂದೆ ನೀವು ಗುರುಗಳಾಗಿ ಯಾವ ಊರಿನ ಶಾಲೆಗೆ ಹೋದರೂ ಅಲ್ಲಿಯ ಮಕ್ಕಳಿಗೆ ಕೊಡುವ ಮೊದಲ ಮನೆಗೆಲಸ ಅದೇ ಆಗಿರಲಿ.